ಆರ್ಡರ್ ಮಾಡುತ್ತಲೇ ಕಲಿಯುವುದು: ಹೊಸ ಪೋರ್ಟ್ರೇಟ್, ಸಮಾರಂಭ ಫೋಟೊಗ್ರಾಫರ್‌ಗೆ ಕೈಪಿಡಿ

ಮನೆಯಲ್ಲಿ ಕೂತು ಅಭ್ಯಾಸ ಮಾಡಿದರೆ ಎಕ್ಸ್‌ಪೋಷರ್ ಬರುತ್ತದೆ, ಫೋಕಸ್ ಬರುತ್ತದೆ. ಆದರೆ ದೀಪ ಆರಿಸಿದ ಸಭಾಂಗಣ, ಕ್ಯಾಮೆರಾ ಕಂಡರೆ ಮುಖ ಬಿಗಿಯುವ ಮನುಷ್ಯ, ಒಂದೇ ಸಲ ನಡೆದು ಮುಗಿದುಹೋಗುವ ಘಳಿಗೆ, ಇವೆಲ್ಲ ಕೆಲಸದ ಜಾಗದಲ್ಲೇ ಕಲಿಯಬೇಕಾದವು. ಹಾಗೆಂದು ಕಲಿಕೆಯ ನಷ್ಟವನ್ನು ದುಡ್ಡು ಕೊಟ್ಟವರ ತಲೆಗೆ ಕಟ್ಟುವಂತಿಲ್ಲ. ಅದಕ್ಕೆ ಪ್ರತಿ ಆರ್ಡರ್‌ನಲ್ಲೂ ಒಂದು ಕ್ರಮ ಇಟ್ಟುಕೊಳ್ಳಿ: ಗೊತ್ತಿರುವ ರೀತಿಯಲ್ಲಿ ತೆಗೆದ ಖಾತ್ರಿ ಫೋಟೊ ಮೊದಲು ಕಾರ್ಡ್‌ಗೆ ಬೀಳಲಿ, ಹೊಸ ಪ್ರಯೋಗ ಆಮೇಲೆ. ಮುಂದೆ ಹೇಳುವುದೆಲ್ಲ ಈ ಎರಡನ್ನೂ ಸರಿತೂಗಿಸುವ ಬಗೆಗೇ.

ಮೊದಲು ಯಾರ ಹಿಂದೆ ಹೋಗಬೇಕು

ಶುರುವಿನಲ್ಲಿ ಅಸಿಸ್ಟೆಂಟ್ ಆಗಿ ಹೋಗಿ. ಲೈಟ್ ಹಿಡಿಯುವುದು, ಬ್ಯಾಟರಿ ಬದಲಿಸುವುದು, ಗ್ರೂಪ್ ಫೋಟೊಗೆ ಜನರನ್ನು ಒಟ್ಟುಗೂಡಿಸುವುದು ನಿಮ್ಮ ಕೆಲಸ. ಅದರ ನಡುವೆ ಮೂರು ವಿಷಯ ಗಮನಿಸುತ್ತಿರಿ. ಮುಖ್ಯ ಘಟನೆ ನಡೆಯುವ ಎರಡು ನಿಮಿಷ ಮುಂಚೆ ಮುಖ್ಯ ಫೋಟೊಗ್ರಾಫರ್ ಎಲ್ಲಿ ಹೋಗಿ ನಿಲ್ಲುತ್ತಾರೆ? ಫ್ಲಾಶ್ ತಲೆಯನ್ನು ಯಾವ ಕಡೆ ತಿರುಗಿಸುತ್ತಾರೆ? ಎದುರಿನವರನ್ನು ಯಾವ ಮಾತಿನಿಂದ ಸಡಿಲಗೊಳಿಸುತ್ತಾರೆ? ಅವರ ಸೆಟ್ಟಿಂಗ್ ಏನೆಂದು ಕೇಳುವುದರಿಂದ ಸಿಗುವುದು ಕಡಿಮೆ. ಅವರು ಮುಂಚಿತವಾಗಿ ನಿಂತ ಜಾಗದಿಂದ ಸಿಗುವುದೇ ಹೆಚ್ಚು.

ಸೆಕೆಂಡ್ ಶೂಟರ್ ಆಗಿ, ಅಂದರೆ ಮುಖ್ಯ ಫೋಟೊಗ್ರಾಫರ್ ಜತೆ ಫೋಟೊ ತೆಗೆಯುವ ಎರಡನೆಯವರಾಗಿ, ಕರೆದಾಗ ನಾಲ್ಕು ಮಾತು ಮೊದಲೇ ಆಡಿ ಮುಗಿಸಿ: ಕಾರ್ಡ್ ಯಾರದು, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಆಗಿ ಬೇಕೋ ಜೆಪೆಗ್ ಸಾಕೋ, ನಿಮ್ಮ ಫೋಟೊಗಳನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದೋ, ಹಾಕಬಹುದಾದರೆ ಯಾವಾಗಿನಿಂದ. ಅಲ್ಲಿ ಯಾರಾದರೂ ನಿಮ್ಮ ನಂಬರ್ ಕೇಳಿದರೆ ಮುಖ್ಯ ಫೋಟೊಗ್ರಾಫರ್ ಅವರದ್ದನ್ನೇ ಕೊಡಿ. ಈ ಕಸುಬಿನಲ್ಲಿ ಮುಂದಿನ ಕರೆ ಬರುವುದೂ ನಿಲ್ಲುವುದೂ ಬಹುಮಟ್ಟಿಗೆ ಇಂಥದ್ದರಿಂದಲೇ.

ಇನ್ನೆರಡು ತಾಂತ್ರಿಕ ಸಂಗತಿಗಳಿವೆ. ಒಂದು, ಎರಡೂ ಕ್ಯಾಮೆರಾಗಳ ಗಡಿಯಾರ ಹೊಂದಿಸಿಕೊಳ್ಳಿ. ಮೆನುವಿನಲ್ಲಿ ಸಮಯ ಸರಿಮಾಡಿದ ಮೇಲೂ ಒಂದೇ ಮೊಬೈಲ್‌ನ ಸೆಕೆಂಡು ಕಾಣುವ ಗಡಿಯಾರದ ಒಂದೊಂದು ಫೋಟೊ ಎರಡರಲ್ಲೂ ತೆಗೆದಿಡಿ. ಆಮೇಲೆ ಫೈಲ್‌ಗಳನ್ನು ಸಮಯದ ಪ್ರಕಾರ ಜೋಡಿಸುವಾಗ ವ್ಯತ್ಯಾಸ ತಿದ್ದಬಹುದು. ಎರಡು, ದೂರ ಇಟ್ಟ ಫ್ಲಾಶನ್ನು ವೈರ್ ಇಲ್ಲದೆ ಬೆಳಗಿಸುವ ಟ್ರಿಗರ್‌ನ ಚಾನೆಲ್ ಬೇರೆ ಇರಲಿ. ಇಬ್ಬರದೂ ಒಂದೇ ಮಾದರಿಯ ಟ್ರಿಗರ್, ಒಂದೇ ಚಾನೆಲ್ ಆದರೆ ನೀವು ಬಟನ್ ಒತ್ತಿದಾಗಲೆಲ್ಲ ಅವರ ಲೈಟ್ ಬೆಳಗುತ್ತದೆ, ಅವರಿಗೆ ಬೇಕಾದ ಕ್ಷಣದಲ್ಲಿ ಅದು ಇನ್ನೂ ಚಾರ್ಜ್ ಆಗುತ್ತಿರುತ್ತದೆ.

ಅವರು 35 ಎಂಎಂ ಹಿಡಿದು ಎದುರು ನಿಂತಿದ್ದರೆ ನೀವು 85 ಅಥವಾ 135 ಎಂಎಂ ಹಾಕಿಕೊಂಡು ಪಕ್ಕಕ್ಕೆ ಹೋಗಿ. ಅವರ ಹೆಗಲ ಮೇಲಿಂದ ಅದೇ ಫೋಟೊ ಮತ್ತೊಮ್ಮೆ ತೆಗೆದು ಯಾರಿಗೂ ಉಪಯೋಗವಿಲ್ಲ. ಅವರ ಫ್ರೇಮಿನ ಹಿನ್ನೆಲೆಯಲ್ಲಿ ನೀವು ನಿಂತಿಲ್ಲವೇ ಎಂದೂ ಆಗಾಗ ನೋಡಿಕೊಳ್ಳಿ.

ಬ್ಯಾಗಿನಲ್ಲಿ ಏನಿರಬೇಕು

ಅಸಿಸ್ಟೆಂಟ್ ಆಗಿ ಹೋಗುವಾಗ ಒಂದು ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಸಾಕು. ಒಬ್ಬರೇ ಸಮಾರಂಭ ಒಪ್ಪಿಕೊಂಡರೆ ಎರಡನೆಯದು ಬೇಕೇ ಬೇಕು, ಬಾಡಿಗೆಯದಾದರೂ ಸರಿ. ಬಾಡಿಗೆಯದನ್ನು ಹಿಂದಿನ ದಿನವೇ ತಂದು ಮೆನು ಪರಿಚಯ ಮಾಡಿಕೊಳ್ಳಿ. ಲೆನ್ಸ್ 24-70 ಎಂಎಂ ಎಫ್/2.8 ಒಂದಿದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಅಷ್ಟು ಖರ್ಚು ಬೇಡವೆಂದರೆ 35 ಮತ್ತು 85 ಎಂಎಂ ಎಫ್/1.8 ಜೋಡಿ. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಅಲ್ಲದ, ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ ಲೆನ್ಸಿನ ಎಂಎಂ ಸಂಖ್ಯೆಯನ್ನು ಸುಮಾರು 1.5ರಿಂದ ಗುಣಿಸಿ ನೋಡಿ: ಅಲ್ಲಿ 50 ಎಂಎಂ ಲೆನ್ಸ್ 75 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ಪೋರ್ಟ್ರೇಟ್‌ಗೆ ಸೊಗಸಾಗಿ ಒದಗುತ್ತದೆ.

ಮಿರರ್‌ಲೆಸ್ ಕ್ಯಾಮೆರಾಗೆ ಮೂರು ಬ್ಯಾಟರಿ. ಫ್ಲಾಶ್‌ಗೆ ನಾಲ್ಕು ನಾಲ್ಕರ ಎರಡು ಸೆಟ್ ರೀಚಾರ್ಜಬಲ್ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಸಾಮಾನ್ಯ ಆಲ್ಕಲೈನ್ ಸೆಲ್‌ಗಳು ಸತತ ಬಳಕೆಯಲ್ಲಿ ಬೇಗ ಸೋತು, ಫ್ಲಾಶ್ ಮತ್ತೆ ಸಿದ್ಧವಾಗುವ ಹೊತ್ತು ಏರುತ್ತಾ ಹೋಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಕಂಪ್ರೆಸ್ ಮಾಡಿದ ಒಂದು ರಾ ಫೈಲ್ ಸುಮಾರು 25ರಿಂದ 30 ಎಂಬಿ, ಅಂದರೆ 64 ಜಿಬಿ ಕಾರ್ಡ್‌ನಲ್ಲಿ ಎರಡು ಸಾವಿರದ ಆಸುಪಾಸು ಹಿಡಿಯುತ್ತವೆ. ಎರಡು ಕಾರ್ಡ್ ಸ್ಲಾಟ್ ಇದ್ದರೆ ಎರಡಕ್ಕೂ ಒಂದೇ ಫೋಟೊ ಬರೆಯುವಂತೆ ಇಡಿ. ಎರಡನೆಯದನ್ನು ಹೆಚ್ಚುವರಿ ಜಾಗವೆಂದು ಬಳಸಬೇಡಿ.

ಯೋಚಿಸದೆ ಕೈಗೆ ಬರುವ ಸೆಟ್ಟಿಂಗ್

ಫ್ಲಾಶ್ ಇಲ್ಲದ ಕೆಲಸಕ್ಕೆ ಮ್ಯಾನ್ಯುವಲ್ ಮೋಡ್, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಸಂಖ್ಯೆ) ಮಾತ್ರ ಆಟೊ. ಶಟರ್ ವೇಗ ಮತ್ತು ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ನಿಮ್ಮ ಹಿಡಿತದಲ್ಲಿರುತ್ತವೆ, ಬೆಳಕಿನ ಏರಿಳಿತವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಭಾಷಣಕ್ಕೆ 1/200, ಎಫ್/2.8, ಓಡಾಟ, ಕುಣಿತ ಇದ್ದರೆ 1/320ಕ್ಕಿಂತ ಕೆಳಗಿಳಿಯಬೇಡಿ. ಐಎಸ್‌ಒ 6400ಕ್ಕೆ ಏರಿತೆಂದು ಹೆದರಿ ಶಟರ್ ಇಳಿಸುವುದು ಹೊಸಬರೆಲ್ಲ ಮಾಡುವ ತಪ್ಪು. ಗ್ರೇನ್ ಆದ ಫೋಟೊವನ್ನು ಎಡಿಟಿಂಗ್‌ನಲ್ಲಿ ಸುಧಾರಿಸಬಹುದು; ಅಲುಗಾಡಿದ ಮುಖಕ್ಕೆ ಮದ್ದಿಲ್ಲ. ಫ್ಲಾಶ್ ಹಾಕಿದ ಕೂಡಲೇ ಐಎಸ್‌ಒ ಆಟೊ ತೆಗೆದು ಒಂದು ಸಂಖ್ಯೆಗೆ ನಿಲ್ಲಿಸಿ, ಏಕೆಂದರೆ ಫ್ಲಾಶ್ ಜತೆ ಆಟೊ ಐಎಸ್‌ಒ ಒಂದೊಂದು ಕ್ಯಾಮೆರಾದಲ್ಲಿ ಒಂದೊಂದು ಥರ ವರ್ತಿಸುತ್ತದೆ.

ಎಕ್ಸ್‌ಪೋಷರ್ ಸರಿಯೇ ಎಂಬುದಕ್ಕೆ ಹಿಂದಿನ ಸ್ಕ್ರೀನನ್ನು ನಂಬಬೇಡಿ. ಕತ್ತಲ ಹಾಲ್‌ನಲ್ಲಿ ಅದು ಎಲ್ಲವನ್ನೂ ಚೆನ್ನಾಗಿ ಬೆಳಗಿದಂತೆ ತೋರಿಸುತ್ತದೆ, ಮನೆಗೆ ಬಂದು ನೋಡಿದರೆ ಫೋಟೊಗಳೆಲ್ಲ ಒಂದು ಸ್ಟಾಪ್ (ಅಂದರೆ ಅರ್ಧದಷ್ಟು ಬೆಳಕು) ಕಡಿಮೆಯಾಗಿ ಕಪ್ಪಗಿರುತ್ತವೆ. ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ, ಹಿಸ್ಟೋಗ್ರಾಮ್, ನೋಡಿ, ಬೆಳಕು ಉಕ್ಕಿದ ಜಾಗ ಮಿನುಗುವ ಹೈಲೈಟ್ ಎಚ್ಚರಿಕೆಯನ್ನೂ ಆನ್ ಮಾಡಿಡಿ.

ಕೃತಕ ದೀಪಗಳದ್ದೇ ಬೇರೆ ಕಾಟ. ವಿದ್ಯುತ್ 50 ಹರ್ಟ್ಜ್ ಇರುವ ಕಡೆ ಎಷ್ಟೋ ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ, 60 ಹರ್ಟ್ಜ್ ಇರುವ ಕಡೆ 120 ಸಲ. ಕಣ್ಣಿಗೆ ಕಾಣದ ಈ ಮಿನುಗು ಫೋಟೊದಲ್ಲಿ ಸಿಕ್ಕಿಬೀಳುತ್ತದೆ: ಒಂದು ಫ್ರೇಮ್ ಹಳದಿ, ಮುಂದಿನದು ಮಂಕು, ಸೈಲೆಂಟ್ ಎಲೆಕ್ಟ್ರಾನಿಕ್ ಶಟರ್ ಆದರಂತೂ ಮುಖದ ಮೇಲೇ ಅಡ್ಡಪಟ್ಟಿ. ಹಾಲ್‌ಗೆ ಹೋದೊಡನೆ ಬಿಳಿ ಗೋಡೆಯ ಆರೇಳು ಫೋಟೊವನ್ನು 1/250ರಲ್ಲಿ ಒಂದರ ಹಿಂದೊಂದು ತೆಗೆದು ನೋಡಿ. ಬಣ್ಣವೋ ಬೆಳಕೋ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿದ್ದರೆ ಮೆಕಾನಿಕಲ್ ಶಟರ್‌ಗೆ ಬನ್ನಿ, ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ, ಜನ ನಿಂತೋ ಕೂತೋ ಇರುವಾಗ 50 ಹರ್ಟ್ಜ್ ಕಡೆ 1/100, 60 ಹರ್ಟ್ಜ್ ಕಡೆ 1/125 ಇಡಿ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆ ಇನ್ನೂ ವೇಗವಾಗಿ ಮಿನುಗುವುದರಿಂದ ಅದಕ್ಕೆ ಈ ಲೆಕ್ಕ ಸಾಲದೆ ಹೋಗಬಹುದು. ಅಲ್ಲಿ ಪರದೆ ಹಿನ್ನೆಲೆಗೆ ಬಾರದಂತೆ ಪಕ್ಕಕ್ಕೆ ಸರಿಯುವುದೇ ಸುಲಭ.

ಫ್ಲಾಶ್: ಮೇಲಕ್ಕೆ ತಿರುಗಿಸಿದರೆ ಮುಗಿಯಲಿಲ್ಲ

ಬಿಳಿ ಸೀಲಿಂಗ್ ಮೂರು ಮೀಟರ್ ಎತ್ತರದಲ್ಲಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಫ್ಲಾಶ್ ತಲೆಯನ್ನು ಮೇಲಕ್ಕೆ, ಸ್ವಲ್ಪ ನಿಮ್ಮ ಹೆಗಲ ಹಿಂದಕ್ಕೆ ತಿರುಗಿಸಿ. ನೇರ ತಲೆಯ ಮೇಲೆ ಬಡಿದ ಬೆಳಕು ಕಣ್ಣಿನ ಗುಳಿಗಳಲ್ಲಿ ನೆರಳು ಬಿಡುತ್ತದೆ. ಹಿಂದಿನಿಂದ ಸುತ್ತಿ ಬಂದದ್ದು ಮುಖಕ್ಕೆ ಎದುರಿನಿಂದ ಬೀಳುತ್ತದೆ. ಐಎಸ್‌ಒ 800ರಿಂದ 1600, ಎಫ್/4, 1/125ರಿಂದ ಶುರು ಮಾಡಿ.

ಕೆಡುವುದು ಎಲ್ಲಿ? ಸೀಲಿಂಗ್ ಮರದ್ದಾಗಿದ್ದರೆ ಮುಖವೂ ಕಿತ್ತಳೆ. ಹಸಿರು ಗೋಡೆಗೆ ಬಡಿಸಿದರೆ ಹಸಿರು. ಕಪ್ಪು ಸೀಲಿಂಗ್ ಬೆಳಕನ್ನು ನುಂಗಿಬಿಡುತ್ತದೆ. ಸೀಲಿಂಗ್ ತೀರಾ ಎತ್ತರವಾದರೆ ಬೆಳಕು ಹೋಗಿ ಬರುವ ದಾರಿ ದೂರವಾಗಿ, ಫ್ಲಾಶ್ ಪ್ರತಿ ಸಲ ಪೂರ್ಣ ಶಕ್ತಿ ಸುರಿದು, ಮತ್ತೆ ಸಿದ್ಧವಾಗಲು ಎರಡು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಘಳಿಗೆ ಹೋಗುವುದು ಆ ಸೆಕೆಂಡುಗಳಲ್ಲೇ. ಐಎಸ್‌ಒ ದುಪ್ಪಟ್ಟು ಮಾಡಿದರೆ ಫ್ಲಾಶ್‌ಗೆ ಅರ್ಧ ಶಕ್ತಿ ಸಾಕು. ಹಾಗಾಗಿ 800ರಿಂದ 3200ಕ್ಕೆ ಏರಿಸಿ ಫ್ಲಾಶನ್ನು ಕಾಲುಭಾಗಕ್ಕೆ ಇಳಿಸಿ. ಫ್ಲಾಶಿನ ಶಕ್ತಿಯನ್ನು ಕ್ಯಾಮೆರಾವೇ ಅಳೆದು ಹೊಂದಿಸುವ ಟಿಟಿಎಲ್ ಬಳಸುವವರು ಇನ್ನೊಂದು ನೆನಪಿಡಿ: ಬಿಳಿ ಬಟ್ಟೆ ಫ್ರೇಮ್ ತುಂಬಿದ್ದರೆ ಅದು ಬೆಳಕು ಜಾಸ್ತಿಯಾಯಿತೆಂದು ಮೋಸಹೋಗಿ ಮುಖ ಕಪ್ಪು ಮಾಡುತ್ತದೆ, ಪ್ಲಸ್ 0.7 ಕೊಡಿ. ಕಪ್ಪು ಸೂಟುಗಳಿಗೆ ಅದರ ತಿರುವುಮುರುವು.

ಫೋಟೊದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಕಂಡರೆ ಶಟರ್ ಸಿಂಕ್ ವೇಗ, ಅಂದರೆ ಫ್ಲಾಶ್ ಜತೆ ಬಳಸಬಹುದಾದ ಗರಿಷ್ಠ ಶಟರ್ ವೇಗ, ಮೀರಿದೆ ಎಂದರ್ಥ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250.

ಪೋರ್ಟ್ರೇಟ್: ನಿಧಾನ ಕಲಿಸುವ ಜಾಗ

ಸಮಾರಂಭದಲ್ಲಿ ಬೆಳಕು ಸಿಕ್ಕಷ್ಟೇ. ಪೋರ್ಟ್ರೇಟ್‌ನಲ್ಲಿ ಅದನ್ನು ಕೈಯಾರೆ ಸರಿಸಿ ನೋಡಬಹುದು, ಆದ್ದರಿಂದ ಬೆಳಕನ್ನು ಇಲ್ಲೇ ಕಲಿಯಿರಿ. ಒಂದು ದೊಡ್ಡ ಕಿಟಕಿ ಸಾಕು. ನೇರ ಬಿಸಿಲು ಬೀಳದ ಕಿಟಕಿಯಿಂದ ಒಂದು, ಒಂದೂವರೆ ಮೀಟರ್ ದೂರದಲ್ಲಿ ಕೂರಿಸಿ, ಮೈ ಕಿಟಕಿಗೆ 45 ಡಿಗ್ರಿ ತಿರುಗಲಿ. ಕೋಣೆಯ ದೀಪಗಳನ್ನು ಆರಿಸಿ. ಇದನ್ನು ಮರೆತರೆ ಅರ್ಧ ಮುಖ ನೀಲಿ, ಅರ್ಧ ಹಳದಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ನೆರಳಿನ ಕಡೆ 60x90 ಸೆಂ.ಮೀ. ಬಿಳಿ ಥರ್ಮಾಕೋಲ್ ಹಾಳೆಯನ್ನು ಕೈಯಳತೆಯಲ್ಲಿ ನಿಲ್ಲಿಸಿ, ಹತ್ತಿರ ದೂರ ಸರಿಸುತ್ತಾ ನೆರಳು ಎಷ್ಟು ತಿಳಿಯಾಗುತ್ತದೆಂದು ನೋಡಿ. ಕಣ್ಣಿನ ಮೇಲ್ಭಾಗದಲ್ಲಿ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಅವರನ್ನು ಸ್ವಲ್ಪ ಕಿಟಕಿಯತ್ತ ತಿರುಗಿಸಿ.

ಅಪರ್ಚರ್ ವಿಷಯದಲ್ಲಿ ಆಸೆಬುರುಕತನ ಬೇಡ. ಫುಲ್ ಫ್ರೇಮ್‌ನಲ್ಲಿ 85 ಎಂಎಂ, ಎರಡು ಮೀಟರ್ ದೂರ, ಎಫ್/1.8 ಎಂದರೆ ಸ್ಪಷ್ಟವಾಗಿ ಬರುವ ಆಳ ಹೆಚ್ಚುಕಡಿಮೆ 6 ಸೆಂ.ಮೀ. ಮುಖ ತುಸು ತಿರುಗಿತೆಂದರೆ ಹತ್ತಿರದ ಕಣ್ಣು ಚೂಪು, ದೂರದ್ದು ಮಸುಕು. ಎಫ್/2.8ರಲ್ಲಿ ಅದು 9 ಸೆಂ.ಮೀ., ಎಫ್/4ರಲ್ಲಿ 13. ಖಾತ್ರಿ ಫೋಟೊ ಎಫ್/4ರಲ್ಲಿ ತೆಗೆದುಕೊಂಡ ಮೇಲೆ ಎಫ್/1.8ರ ಮೋಹ ತೀರಿಸಿಕೊಳ್ಳಿ. ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಮಾಡುವ ಐ-ಡಿಟೆಕ್ಷನ್ ಇದ್ದರೆ ಬಳಸಿ, ಇಲ್ಲದಿದ್ದರೆ ಒಂದೇ ಫೋಕಸ್ ಪಾಯಿಂಟನ್ನು ಹತ್ತಿರದ ಕಣ್ಣಿನ ಮೇಲಿಡಿ. ಮಧ್ಯದ ಪಾಯಿಂಟ್‌ನಿಂದ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸಿದರೆ ಇಷ್ಟು ಕಡಿಮೆ ಆಳದಲ್ಲಿ ಫೋಕಸ್ ಜಾರುತ್ತದೆ.

35 ಎಂಎಂ ಹಾಕಿಕೊಂಡು ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದಕ್ಕೆ ಕಾರಣ ನಿಂತ ದೂರ, ಲೆನ್ಸಿನ ತಪ್ಪೇನಿಲ್ಲ. ಒಂದೂವರೆ ಮೀಟರಿಗಿಂತ ಹತ್ತಿರ ಹೋಗದಿದ್ದರೆ ಆ ತಲೆನೋವಿಲ್ಲ.

ನಿಲ್ಲಿಸುವುದು ಹೇಗೆ ಎಂಬುದರಲ್ಲಿ ಹೊಸಬರು ತಡವರಿಸುತ್ತಾರೆ. ‘ಎಡಕ್ಕೆ, ಅಲ್ಲ ನಿಮ್ಮ ಎಡಕ್ಕೆ’ ಎನ್ನುವ ಬದಲು ನೀವೇ ಹಾಗೆ ನಿಂತು ತೋರಿಸಿ, ಅವರು ಕನ್ನಡಿಯಲ್ಲಿ ನೋಡಿದಂತೆ ಅನುಸರಿಸುತ್ತಾರೆ. ಹೆಗಲು ಕ್ಯಾಮೆರಾಗೆ ನೇರವಾಗಿರದೆ ಓರೆಯಾಗಲಿ, ಮೈಭಾರ ಹಿಂದಿನ ಕಾಲಿನ ಮೇಲಿರಲಿ. ತೋಳು ಪಕ್ಕೆಗೆ ಒತ್ತಿಕೊಂಡರೆ ಅಗಲವಾಗಿ ಕಾಣುತ್ತದೆ, ನಡುವೆ ಬೆರಳೆರಡರ ಸಂದು ಬಿಡಿಸಿ. ಎರಡು ಗಲ್ಲ ಕಾಣುತ್ತಿದ್ದರೆ ‘ಗಲ್ಲ ಎತ್ತಿ’ ಅನ್ನಬೇಡಿ, ಮೂಗಿನ ಹೊಳ್ಳೆ ಕಂಡೀತು. ‘ಹಣೆಯನ್ನು ಸ್ವಲ್ಪ ನನ್ನ ಕಡೆ ತನ್ನಿ, ಈಗ ಒಂದು ಚೂರು ಕೆಳಗೆ’ ಎನ್ನಿ. ಅವರಿಗೆ ಅದು ವಿಚಿತ್ರವೆನಿಸುತ್ತದೆ, ಫೋಟೊದಲ್ಲಿ ಗಲ್ಲದ ಗೆರೆ ಚೆನ್ನಾಗಿ ಬರುತ್ತದೆ. ಕನ್ನಡಕದಲ್ಲಿ ಕಿಟಕಿ ಹೊಳೆದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಅರ್ಧ ಸೆಂಟಿಮೀಟರ್ ಎತ್ತಿಸಿ, ಗಾಜು ಕೆಳಕ್ಕೆ ವಾಲಿ ಹೊಳಪು ಬೇರೆಡೆ ಹೋಗುತ್ತದೆ.

ಮೊದಲ ಹತ್ತು ನಿಮಿಷದ ಫೋಟೊಗಳು ಬಿಗಿಯಾಗಿಯೇ ಬರುತ್ತವೆ. ಬಾಯಿ ಮುಚ್ಚಿಕೊಂಡು ಸೆಟ್ಟಿಂಗ್ ತಿರುಗಿಸುತ್ತಾ ನಿಂತರೆ ಎದುರಿನವರು ತಮ್ಮಲ್ಲೇ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮಾತಾಡುತ್ತಿರಿ. ಒಂದು ಚೆನ್ನಾದದ್ದು ಬಂದೊಡನೆ ಸ್ಕ್ರೀನಿನಲ್ಲಿ ತೋರಿಸಿ.

ಗ್ರೂಪ್ ಫೋಟೊ

ಎಲ್ಲರಿಗೂ ಬೇಕಾದದ್ದು ಇದೇ, ಕಲಿಯುವವರು ಕಡೆಗಣಿಸುವುದೂ ಇದನ್ನೇ. 35 ಎಂಎಂ, ನಾಲ್ಕು ಮೀಟರ್ ದೂರ, ಎಫ್/5.6 ಇಟ್ಟರೆ ಫುಲ್ ಫ್ರೇಮ್‌ನಲ್ಲಿ ಎರಡೂವರೆ ಮೀಟರ್‌ನಿಂದ ಎಂಟು ಮೀಟರ್ ದಾಟುವವರೆಗೂ ಸ್ಪಷ್ಟ. ಮೂರು ಸಾಲು ನಿರಾಯಾಸ. ಹಿಂದೆ ಸರಿಯಲು ಜಾಗವಿದ್ದರೆ 24 ಎಂಎಂ ಬೇಡ, ಅಂಚಿನಲ್ಲಿ ನಿಂತವರ ತಲೆ, ಭುಜ ಹಿಗ್ಗುತ್ತವೆ. ಅಂಚಿಗೆ ದಪ್ಪಗಿರುವವರನ್ನು ನಿಲ್ಲಿಸಿದರೆ ಅವರು ನಿಮ್ಮನ್ನು ಕ್ಷಮಿಸಲಾರರು.

ಬೆಳಕಿನ ಲೆಕ್ಕ ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಫ್ಲಾಶ್ ಮುಂದಿನ ಸಾಲಿಗೆ ಎರಡು ಮೀಟರ್, ಹಿಂದಿನ ಸಾಲಿಗೆ ನಾಲ್ಕು ಮೀಟರ್ ದೂರದಲ್ಲಿದ್ದರೆ ಹಿಂದಿನವರಿಗೆ ಸಿಗುವುದು ಕಾಲುಭಾಗ ಬೆಳಕು, ಎರಡು ಸ್ಟಾಪ್ ಕಡಿಮೆ. ಅದೇ ಫ್ಲಾಶನ್ನು ಎರಡು ಮೀಟರ್ ಹಿಂದಕ್ಕೆ ಸರಿಸಿದರೆ ದೂರ ನಾಲ್ಕು ಮತ್ತು ಆರು ಮೀಟರ್, ವ್ಯತ್ಯಾಸ ಒಂದು ಸ್ಟಾಪಿಗೆ ಚೂರು ಹೆಚ್ಚು. ಸ್ಟ್ಯಾಂಡ್ ಎತ್ತರಿಸಿ ಹಿಂದಿನ ಸಾಲಿಗೆ ಗುರಿಯಿಟ್ಟರೆ ಅದೂ ಬಹುತೇಕ ಸರಿಹೋಗುತ್ತದೆ.

ನೀವು ಕುರ್ಚಿ ಹತ್ತಿ ಸ್ವಲ್ಪ ಮೇಲಿನಿಂದ ತೆಗೆಯಿರಿ. ‘ಎರಡೂ ಕಣ್ಣಿಗೆ ಲೆನ್ಸ್ ಕಾಣದವರು ಫೋಟೊದಲ್ಲಿಲ್ಲ’ ಎಂದು ಕೂಗಿ ಹೇಳಿದರೆ ಅವರವರೇ ಸರಿದುಕೊಳ್ಳುತ್ತಾರೆ. ಕಣ್ಣು ಮುಚ್ಚುವವರ ಸಮಸ್ಯೆಗೆ ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಲೆಕ್ಕ ಹಾಕಿ 2006ರ ಇಗ್ನೊಬೆಲ್ ಗಣಿತ ಪ್ರಶಸ್ತಿ ಪಡೆದಿದ್ದಾರೆ: ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಡಿಮೆಯಿದ್ದರೆ ಎರಡರಿಂದ. ಹದಿನೈದು ಜನಕ್ಕೆ ಒಳ್ಳೆ ಬೆಳಕಲ್ಲಿ ಐದು ಫೋಟೊ. ನಗೆ ತರಿಸುವ ಪ್ರಶಸ್ತಿಯಾದರೂ ಲೆಕ್ಕ ಕೆಲಸಕ್ಕೆ ಬರುತ್ತದೆ. ದೊಡ್ಡ ಗುಂಪಿನಿಂದ ಶುರುಮಾಡಿ ಚಿಕ್ಕದಕ್ಕೆ ಇಳಿಯಿರಿ, ಮುಗಿದವರು ಹೊರಡಬಹುದು. ಹೆಸರು ಗೊತ್ತಿರುವ ಒಬ್ಬರನ್ನು ಆತಿಥೇಯರ ಕಡೆಯಿಂದ ಜತೆಗಿಟ್ಟುಕೊಳ್ಳದಿದ್ದರೆ ಹತ್ತು ನಿಮಿಷದ್ದು ನಲವತ್ತು ಆಗುತ್ತದೆ.

ಸಮಾರಂಭದ ದಿನ

ಒಂದು ಗಂಟೆ ಮುಂಚೆ ತಲುಪಿ. ಖಾಲಿ ಹಾಲ್, ಅಲಂಕಾರ, ಜೋಡಿಸಿದ ಮೇಜು ಜನ ಬರುವ ಮುಂಚೆಯೇ ಮುಗಿದಿರಲಿ. ಕಾರ್ಯಕ್ರಮ ನಡೆಸುವವರನ್ನು ಕೇಳಿ: ದೀಪ ಯಾವಾಗ ಆರಿಸುತ್ತಾರೆ, ಯಾರು ಯಾವ ಕಡೆಯಿಂದ ವೇದಿಕೆ ಹತ್ತುತ್ತಾರೆ, ಪಟ್ಟಿಯಲ್ಲಿಲ್ಲದ ಅಚ್ಚರಿ ಏನಾದರೂ ಇದೆಯೇ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ಸಲ ಇಡೀ ಪಟ್ಟಿಗಿಂತ ಬೆಲೆಯುಳ್ಳದ್ದು.

ಭಾಷಣ ಮಾಡುವವರನ್ನು ನೇರ ಎದುರಿನಿಂದ ತೆಗೆದರೆ ಮೈಕ್ ಬಾಯಿಯನ್ನು ಮುಚ್ಚುತ್ತದೆ. 30ರಿಂದ 45 ಡಿಗ್ರಿ ಪಕ್ಕಕ್ಕೆ ಬನ್ನಿ, ಅವರು ಹೆಚ್ಚಾಗಿ ತಿರುಗುವ ಕಡೆಗೇ. ಮಾತಿನ ಮಧ್ಯೆ ಬಾಯಿ ಸೊಟ್ಟಗಿರುತ್ತದೆ. ವಾಕ್ಯ ಮುಗಿಸಿ ಸಭಿಕರತ್ತ ನೋಡುವ ಘಳಿಗೆಗೆ ಕಾಯಿರಿ. ಬಹುಮಾನ ಕೊಡುವಾಗ ಕೈ ಕೂಡುವ ಹೊತ್ತಿಗೆ ಎರಡು, ‘ಒಂದು ನಿಮಿಷ ಈ ಕಡೆ’ ಎಂದು ಇಬ್ಬರೂ ನೋಡುವಾಗ ಎರಡು. ಈ ಖಾತ್ರಿ ಫೋಟೊಗಳಾದ ಮೇಲೆ ಸಭಿಕರ ಕಡೆ ತಿರುಗಿ: ಚಪ್ಪಾಳೆ, ನಗು, ಕಣ್ಣೊರೆಸಿಕೊಳ್ಳುವವರು. ಬಾಯಲ್ಲಿ ತುತ್ತಿರುವವರನ್ನು ಬಿಟ್ಟುಬಿಡಿ, ಆ ಫೋಟೊ ಯಾರಿಗೂ ಬೇಡ.

ತಿರಸ್ಕರಿಸಿದ ಫೋಟೊಗಳನ್ನು ಗುಡ್ಡೆ ಹಾಕಿ

ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಡಿಸ್ಕ್‌ಗಳಿಗೆ ಕಾಪಿ ಮಾಡಿ, ಎರಡರಲ್ಲೂ ಫೈಲ್ ತೆರೆಯುತ್ತವೆಯೇ ನೋಡಿ. ಮೂರನೆಯದು ಬೇರೆ ಜಾಗದಲ್ಲೋ ಕ್ಲೌಡ್‌ನಲ್ಲೋ ಇರಲಿ. ಅಲ್ಲಿಯವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಮಾಡುವಾಗ ಕ್ಯಾಮೆರಾದಲ್ಲೇ ಮಾಡಿ.

ಆಯ್ಕೆ ಮುಗಿದ ಮೇಲೆ ಬೇಡವಾದವನ್ನು ಅಳಿಸುವ ಮುನ್ನ ಕಾರಣದ ಪ್ರಕಾರ ಬೇರ್ಪಡಿಸಿ. ಫೋಟೊವನ್ನು ನೂರು ಶೇಕಡಾಕ್ಕೆ ಹಿಗ್ಗಿಸಿದರೆ ಕಾರಣ ಅದರಲ್ಲೇ ಬರೆದಿರುತ್ತದೆ. ಗೋಡೆ, ಕುರ್ಚಿ ಚೂಪಾಗಿದ್ದು ಕೈ ಮಾತ್ರ ಗೀಚಿದಂತಿದ್ದರೆ ಅವರು ಅಲುಗಿದ್ದಾರೆ, ಶಟರ್ ಏರಿಸಬೇಕಿತ್ತು. ಗೋಡೆಯೂ ಸೇರಿ ಎಲ್ಲವೂ ಒಂದೇ ದಿಕ್ಕಿಗೆ ಗೀಚಿದ್ದರೆ ಅಲುಗಿದ್ದು ನೀವು. ಮುಖ ಮಸುಕಾಗಿ ಹಿಂದಿನ ಪರದೆಯ ನೇಯ್ಗೆ ಎಣಿಸುವಂತೆ ಕಂಡರೆ ಫೋಕಸ್ ಹಿಂದೆ ಹೋಗಿದೆ. ಎಲ್ಲೂ ಚೂಪಿಲ್ಲದೆ ಬೆಳಕಿನ ಸುತ್ತ ಮಂಜು ಕವಿದಿದ್ದರೆ ಲೆನ್ಸ್ ಮೇಲೆ ಬೆರಳಚ್ಚೋ ತೇವವೋ ಇದೆ. ಎಸಿ ಕೋಣೆಯಿಂದ ಸೆಖೆಗೆ ಬಂದ ಕೂಡಲೇ ತೆಗೆದ ಫೋಟೊಗಳಲ್ಲಿ ಇದು ಸಾಮಾನ್ಯ. ಇನ್ನೊಂದು ಗುಡ್ಡೆ ತಡವಾದವುಗಳದ್ದು: ಎಲ್ಲ ಸರಿ, ಘಳಿಗೆ ಮಾತ್ರ ದಾಟಿದೆ. ಅದಕ್ಕೆ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ, ನಿಲ್ಲುವ ಜಾಗವನ್ನೂ ಕಾಯುವ ರೀತಿಯನ್ನೂ ಬದಲಿಸಬೇಕು.

ಯಾವ ಗುಡ್ಡೆ ದೊಡ್ಡದೋ ಮುಂದಿನ ಆರ್ಡರ್‌ನಲ್ಲಿ ಅದೊಂದನ್ನೇ ತಿದ್ದಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಯಾವುದರಿಂದ ಯಾವುದು ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ. ಮುಖ್ಯ ಫೋಟೊಗಳಲ್ಲಿ ಸತತವಾಗಿ ಒಂದೂ ಈ ಗುಡ್ಡೆಗಳಿಗೆ ಬೀಳದಿದ್ದಾಗ ಒಬ್ಬರೇ ಆರ್ಡರ್ ಹಿಡಿಯಬಹುದು, ಮೊದಲು ಚಿಕ್ಕದನ್ನು. ಆಗ ಎಷ್ಟು ಗಂಟೆ, ಎಷ್ಟು ಫೋಟೊ, ಯಾವ ದಿನಕ್ಕೆ ಕೊಡುವುದು, ಅಡ್ವಾನ್ಸ್ ಎಷ್ಟು, ದಿನ ರದ್ದಾದರೆ ಏನು ಎಂಬುದು ಬರಹದಲ್ಲಿರಲಿ.

ಎಡಿಟಿಂಗ್‌ನಲ್ಲಿ ಒಂದೇ ಬೆಳಕಿನಲ್ಲಿ ತೆಗೆದ ಸರಣಿಯಿಂದ ಒಂದನ್ನು ತಿದ್ದಿ, ಆ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸಿದ್ದು) ಉಳಿದವಕ್ಕೆ ಹಚ್ಚಿ. ಚರ್ಮವನ್ನು ಮೇಣದಂತೆ ನುಣುಪು ಮಾಡಬೇಡಿ. ಕೊಡುವಾಗ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಕಲರ್ ಸ್ಪೇಸ್‌ನ (ಬಣ್ಣಗಳ ವ್ಯಾಪ್ತಿ) ಜೆಪೆಗ್. ಬೇರೆ ಕಲರ್ ಸ್ಪೇಸ್‌ನಲ್ಲಿ ಕೊಟ್ಟರೆ ಎಷ್ಟೋ ಸ್ಕ್ರೀನ್‌ಗಳಲ್ಲಿ ಬಣ್ಣ ಸಪ್ಪೆಯಾಗಿ ಕಾಣುತ್ತದೆ. ಮೊಬೈಲ್‌ಗೆ ಉದ್ದದ ಬದಿ 2048 ಪಿಕ್ಸೆಲ್ ಸಾಕು. ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್, ಅಂದರೆ 8x12 ಇಂಚಿಗೆ 2400x3600. ಎರಡನ್ನೂ ಬೇರೆ ಬೇರೆ ಫೋಲ್ಡರ್‌ನಲ್ಲಿ, ಯಾವುದು ಯಾವುದಕ್ಕೆಂದು ಫೋಲ್ಡರಿನ ಹೆಸರಲ್ಲೇ ಬರೆದು ಕೊಡಿ. ಇಲ್ಲವಾದರೆ ಮೊಬೈಲ್ ಫೈಲನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮಸುಕಾಗಿದೆ ಎಂದು ನಿಮಗೆ ಫೋನ್ ಬರುತ್ತದೆ.